ಜಾತ್ರೆ ಶರ್ಯತ್ತಿನಲ್ಲಿ ಲಗಾಮು ಜಗ್ಗಿ ಸೋಲುವುದು ಮೊದಲಿಂದಲೂ ಇತ್ತಾ?

ಹಾರೂಗೇರಿ ಹುಡುಗ:

ನಮ್ಮದು ರಾಯಬಾಗ ತಾಲೂಕು, ಈಗ ಕೆಲಸ ಪುಣೆಯಲ್ಲಿ. ಹೋದ ವಾರ ಜಾತ್ರೆಗೆ ಮಗನನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಅವನಿಗೆ ಒಂಬತ್ತು ವರ್ಷ. ಕುದುರೆ ಗಾಡಿ ಶರ್ಯತ್ತಿನ ಕತೆಯನ್ನು ನನ್ನ ಬಾಯಿಂದ ನೂರು ಸಲ ಕೇಳಿದ್ದಾನೆ, ಕಣ್ಣಾರೆ ನೋಡಿದ್ದು ಇದೇ ಮೊದಲು.

ಮೂರು ಗಾಡಿ ಕಾಲುವೆ ಸೇತುವೆ ದಾಟಿ ವಾಪಸ್ ಬರುವಾಗ ಕಂದು ಕುದುರೆ ಮುಂದಿತ್ತು. ಎರಡು ಗಾಡಿ ಉದ್ದದಷ್ಟು ಮುಂದೆ. ಅಷ್ಟರಲ್ಲಿ ಗಾಡಿ ಹೊಡೆಯುವವ ಎರಡೂ ಮೊಣಕೈ ಪಕ್ಕೆಗೆ ಒತ್ತಿ ಹಿಂದಕ್ಕೆ ವಾಲಿದ, ಕುದುರೆ ಬಾಯಿ ತೆರೆದು ಕತ್ತು ಒಂದು ಕಡೆ ತಿರುವಿತು, ಹಿಂದಿದ್ದ ಬಿಳಿ ಕುದುರೆ ಪಕ್ಕದಿಂದ ದಾಟಿಕೊಂಡು ಹೋಯಿತು. ಅವನು ಬಾಯಲ್ಲಿ ಮಾತ್ರ ಹೋ ಹೋ ಅಂತ ಕೂಗುತ್ತಲೇ ಇದ್ದ. ಇದೆಲ್ಲ ಆಗುವುದಕ್ಕೆ ಹತ್ತು ನಿಮಿಷ ಮೊದಲೇ ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗರು "ಕಂದು ಇವತ್ತ ಬರಂಗಿಲ್ಲ, ಸೆಟ್ಲಮೆಂಟ್ ಆಗೇತಿ" ಅಂತ ಮೊಬೈಲ್ ಹಿಡಿದು ಮಾತಾಡುತ್ತಿದ್ದರು. ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಮಗ ಕೇಳಿದ, "ಪಪ್ಪಾ, ಕುದುರೆ ಓಡ್ತಾ ಇತ್ತಲ್ಲ, ಅವರು ಯಾಕೆ ಹಿಂದೆ ಎಳೆದರು?" ಏನು ಹೇಳಬೇಕು ಗೊತ್ತಾಗಲಿಲ್ಲ. ಕಬ್ಬಿನ ಹಾಲು ಕುಡಿಸಿ ಮನೆಗೆ ಕರೆದುಕೊಂಡು ಬಂದೆ.

ನಮ್ಮ ಅಜ್ಜ ರಾಯಬಾಗ ಸ್ಟೇಷನ್ನಿನಿಂದ ಟಾಂಗಾ ಹೊಡೆಯುತ್ತಿದ್ದರು. ವರ್ಷವಿಡೀ ಸವಾರಿ ಎಳೆದ ಅದೇ ಕುದುರೆ ಜಾತ್ರೆಯ ದಿನ ಶರ್ಯತ್ತಿಗೆ ಇಳಿಯುತ್ತಿತ್ತು. ಹಿಂದಿನ ರಾತ್ರಿ ಬೇಯಿಸಿದ ಹುರುಳಿಗೆ ಬೆಲ್ಲ ಕಲಸಿ ತಿನ್ನಿಸುತ್ತಿದ್ದರು. ಬೆಳಿಗ್ಗೆ ಹಣೆಗೆ ಭಂಡಾರ ಹಚ್ಚಿ, ಭಾರ ಆಗಬಾರದು ಅಂತ ಕೊರಳಿನ ಗೆಜ್ಜೆ ಸರ ಬಿಚ್ಚಿ ನನ್ನ ಕೊರಳಿಗೆ ಹಾಕುತ್ತಿದ್ದರು. ನಾನು ಆ ಗೆಜ್ಜೆ ಕುಣಿಸುತ್ತಾ ಗಾಡಿಯ ಹಿಂದೆ ಓಡುತ್ತಿದ್ದೆ. ಗೆದ್ದರೆ ಒಂದು ಹಿತ್ತಾಳೆ ಕೊಡ, ಒಂದು ರುಮಾಲು. ಆ ಕೊಡ ಈಗಲೂ ಮನೆಯಲ್ಲಿದೆ.

ನನ್ನ ಪ್ರಶ್ನೆ ಇಷ್ಟು. ಆಗಲೂ ಹೀಗೇ ಇತ್ತಾ? ನಾನು ಚಿಕ್ಕವನಿದ್ದೆ ಅಂತ ಕಾಣಲಿಲ್ಲವಾ? ಜಗ್ಗಿದ್ದಾರೋ, ಕುದುರೆಗೆ ನಿಜವಾಗಿ ದಣಿವಾಗಿದೆಯೋ ಅಂತ ಹೊರಗೆ ನಿಂತವರು ಹೇಗೆ ತಿಳಿಯಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಅಥಣಿ ಕಾಕಾ:

ತಮ್ಮಾ, ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕಾದವರಲ್ಲಿ ನಾನೂ ಒಬ್ಬ. ಇಪ್ಪತ್ತು ವರ್ಷ ಗಾಡಿ ಹೊಡೆದಿದ್ದೇನೆ. ಒಂದು ಸಲ ಜಗ್ಗಿದ್ದೇನೆ. ಮನೆಯವರಿಗೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

1988ರ ಬೇಸಿಗೆ ಇರಬೇಕು. ಮನೆಯಲ್ಲಿ ಹೆಂಡತಿಗೆ ಆಪರೇಷನ್, ಮೇಲೆ ಗಾಡಿಯ ಚಕ್ರ ಹೊಸದಾಗಿ ಮಾಡಿಸಿದ ಸಾಲ ಬೇರೆ. ಹಿಂದಿನ ರಾತ್ರಿ ಒಬ್ಬರು ಬಂದು ಐದು ನೂರು ರೂಪಾಯಿ ಕೈಯಲ್ಲಿಟ್ಟು "ಎರಡನೇದು ಬಾ ಸಾಕು" ಅಂದರು. ನನ್ನ ಹತ್ತಿರ ಆಗ ಬಿಜಲಿ ಅಂತ ಹೆಣ್ಣು ಕುದುರೆ ಇತ್ತು. ಅದನ್ನು ಹೊಡೆಯುವುದೇ ಬೇಕಿರಲಿಲ್ಲ, ನಾಲಿಗೆಯಿಂದ ಟಕ್ ಅಂತ ಸದ್ದು ಮಾಡಿದರೆ ಸಾಕು, ಮುಂದಿನ ಗಾಡಿ ಕಂಡರೆ ದಾಟುವವರೆಗೆ ಬಿಡುತ್ತಿರಲಿಲ್ಲ. ನೂರು ಮಾರು ಉಳಿದಿದೆ ಅನ್ನುವಾಗ ಎಡಗೈ ಲಗಾಮನ್ನು ಮುಷ್ಟಿಗೆ ಒಂದು ಸುತ್ತು ಸುತ್ತಿದೆ. ಜನಕ್ಕೆ ಕಾಣುವ ಹಾಗೆ ಹಿಂದಕ್ಕೆ ವಾಲಲಿಲ್ಲ, ಅಷ್ಟು ಸಾಕಿತ್ತು. ಬಿಜಲಿ ಒಂದು ಸಲ ಕತ್ತು ತಿರುಗಿಸಿ ನನ್ನ ಕಡೆ ನೋಡಿತು. ನೋಡಿತು ಅಂತ ನನಗೆ ಅನ್ನಿಸಿತೋ ನಿಜವಾಗಿ ನೋಡಿತೋ, ಆ ಕಣ್ಣು ಮಾತ್ರ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಮೊದಲೂ ಇತ್ತು. ಆದರೆ ಜಾಸ್ತಿ ಇರಲಿಲ್ಲ. ಪಂಥ ಅಂದರೆ ಆಗ ಚಹಾ, ತೆಂಗಿನಕಾಯಿ, ಹೆಚ್ಚೆಂದರೆ ಒಂದು ಕುರಿ. ಅಷ್ಟಕ್ಕೆ ಯಾರು ಕುದುರೆ ಮಾರಿಕೊಳ್ಳುತ್ತಾರೆ? ಗೆದ್ದವನ ಹೆಸರನ್ನು ಸುತ್ತಲಿನ ಹತ್ತು ಹಳ್ಳಿಯವರು ಒಂದು ವರ್ಷ ಹೇಳುತ್ತಿದ್ದರು, ಅವನ ಟಾಂಗಾ ಹತ್ತುವುದಕ್ಕೇ ಜನ ಕಾಯುತ್ತಿದ್ದರು. ಸೋಲುವುದರಲ್ಲಿ ಲಾಭ ಇರಲಿಲ್ಲ. ಈಗ ಒಂದು ಫೋನ್ ಹಿಡಿದರೆ ಇಚಲಕರಂಜಿಯಿಂದಲೂ ದುಡ್ಡು ಹಚ್ಚುತ್ತಾರೆ, ಅಂಥವರಿಗೆ ನಮ್ಮ ಕುದುರೆಯೂ ಗೊತ್ತಿಲ್ಲ, ಊರೂ ಗೊತ್ತಿಲ್ಲ.

ಹೇಗೆ ತಿಳಿಯಬೇಕು ಅಂತ ಕೇಳಿದೆಯಲ್ಲ. ದಣಿದ ಕುದುರೆ ತಲೆ ಕೆಳಗೆ ಹಾಕುತ್ತದೆ, ಕಿವಿ ಜೋತು ಬೀಳುತ್ತವೆ, ಹೆಜ್ಜೆ ಗಿಡ್ಡ ಆಗುತ್ತವೆ. ಜಗ್ಗಿದ ಕುದುರೆ ತಲೆ ಮೇಲೆತ್ತಿ ಬಾಯಿ ತೆರೆಯುತ್ತದೆ. ನೀನು ನೋಡಿದ್ದು ಎರಡನೆಯದು. ಇನ್ನು ಓಟ ಶುರುವಾಗುವ ಮೊದಲೇ ಮಾಡುವ ಕೆಲಸಗಳೂ ಇವೆ. ಗಾಡಿ ಕಟ್ಟುವ ಮುಂಚೆ ಒಂದು ಬಕೆಟ್ ನೀರು ಹೊಟ್ಟೆ ತುಂಬ ಕುಡಿಸಿಬಿಟ್ಟರೆ ಯಾವ ಕುದುರೆಯೂ ಓಡುವುದಿಲ್ಲ. ಅದನ್ನು ರಸ್ತೆಯಲ್ಲಿ ನಿಂತವರು ಕಾಣುವುದೇ ಇಲ್ಲ.

ಗೋಕಾಕದವ, ಈಗ ಸಿಡ್ನಿ:

ಕಾಕಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಬರೆದಿದ್ದಕ್ಕೆ ದೊಡ್ಡ ನಮಸ್ಕಾರ.

ನಾನಿರುವ ಊರಿನಲ್ಲಿ ನಮ್ಮ ಟಾಂಗಾ ಶರ್ಯತ್ತಿನ ಅಣ್ಣತಮ್ಮನಂಥ ಒಂದು ಆಟ ಇದೆ, ಹಾರ್ನೆಸ್ ರೇಸಿಂಗ್. ಕುದುರೆಯ ಬೆನ್ನ ಮೇಲೆ ಯಾರೂ ಕೂರುವುದಿಲ್ಲ, ಹಿಂದೆ ಸಲ್ಕಿ ಅನ್ನುವ ಎರಡು ಚಕ್ರದ ಹಗುರ ಗಾಡಿ, ಅದರಲ್ಲಿ ಕಾಲು ಚಾಚಿ ಕೂತು ಹೊಡೆಯುತ್ತಾರೆ. ನಾಗಾಲೋಟ ಓಡುವ ಹಾಗಿಲ್ಲ. ಟ್ರಾಟರ್ ಆದರೆ ಮುಂದಿನ ಎಡಗಾಲು ಹಿಂದಿನ ಬಲಗಾಲು ಒಟ್ಟಿಗೆ ಏಳುವ ಕುಕ್ಕುಲೋಟ, ಪೇಸರ್ ಆದರೆ ಒಂದೇ ಪಕ್ಕದ ಎರಡೂ ಕಾಲು ಒಟ್ಟಿಗೆ. ಹೆಜ್ಜೆ ತಪ್ಪಿ ನಾಗಾಲೋಟಕ್ಕೆ ಬಿದ್ದರೆ ಜಗ್ಗಿ ಮತ್ತೆ ಹೆಜ್ಜೆಗೆ ತರಲೇಬೇಕು. ಇಲ್ಲೇ ಒಂದು ತೊಡಕಿದೆ ನೋಡಿ, ಲಗಾಮು ಜಗ್ಗುವುದಕ್ಕೆ ನಿಯಮದಲ್ಲೇ ಕಾರಣ ಇದೆ, ಹಾಗಾಗಿ ಬೇಕಂತಲೇ ಜಗ್ಗಿದ್ದೋ ಹೆಜ್ಜೆ ತಪ್ಪಿತು ಅಂತ ಜಗ್ಗಿದ್ದೋ ಅಂತ ಬೇರೆ ಮಾಡುವುದು ಕಷ್ಟ. ಈ ಕುದುರೆ ತಳಿಯ ಹೆಸರು ಸ್ಟ್ಯಾಂಡರ್ಡ್‌ಬ್ರೆಡ್. 1879ರಲ್ಲಿ ಅಮೆರಿಕದಲ್ಲಿ ಒಂದು ಮೈಲಿಗೆ 2 ನಿಮಿಷ 30 ಸೆಕೆಂಡ್ ಅಂತ ಒಂದು ಮಟ್ಟ ಗೊತ್ತುಮಾಡಿದ್ದರು, ಆ ಮಟ್ಟದಿಂದ ಬಂದ ಹೆಸರು.

ಹಳೆಯ ನೆನಪಿನ ವಿಷಯಕ್ಕೆ ಬಂದರೆ ಇಲ್ಲಿಯವರೂ ನಮ್ಮ ಹಾಗೆಯೇ. ಪಕ್ಕದ ಮನೆಯ ಅಜ್ಜ ಹರಾಲ್ಡ್ ಪಾರ್ಕ್ ಅಂದರೆ ಸಾಕು, ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಊರ ನಡುವೆ ಇದ್ದ ಟ್ರ್ಯಾಕ್, ಶುಕ್ರವಾರ ರಾತ್ರಿ ದೀಪದ ಬೆಳಕಿನಲ್ಲಿ ಓಟ. 1960ರಲ್ಲಿ ಇಂಟರ್ ಡೊಮಿನಿಯನ್ ಅನ್ನುವ, ಆಸ್ಟ್ರೇಲಿಯಾ ನ್ಯೂಜಿಲೆಂಡ್ ಎರಡೂ ಕಡೆಯ ಕುದುರೆಗಳ ದೊಡ್ಡ ಪಂದ್ಯದ ಫೈನಲ್ ನೋಡಲು ಅಲ್ಲಿ 50 ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರು, ಗೆದ್ದಿದ್ದು ನ್ಯೂಜಿಲೆಂಡಿನ ಕಡೂಸಿಯಸ್ ಅನ್ನುವ ಕುದುರೆ. 2010ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು, ಈಗ ಅಲ್ಲಿ ಅಪಾರ್ಟ್‌ಮೆಂಟ್‌ಗಳಿವೆ. ಓಟ ಊರ ಹೊರಗಿನ ಮೆನಾಂಗಲ್‌ಗೆ ಹೋಯಿತು. ಅಲ್ಲಿ ಟ್ರ್ಯಾಕ್ ದೊಡ್ಡದು, 1400 ಮೀಟರ್ ಸುತ್ತು, ಎಲ್ಲ ಸೌಕರ್ಯ ಇದೆ. ಅಜ್ಜ ಮಾತ್ರ ಅಲ್ಲಿಗೆ ಹೋಗುವುದಿಲ್ಲ.

ಮೋಸ? ಇದೆ. ಇಲ್ಲಿ ಮೇಲ್ವಿಚಾರಣೆಗೆ ಸ್ಟೀವರ್ಡ್‌ಗಳು ಅಂತ ಇರುತ್ತಾರೆ, ಕ್ಯಾಮೆರಾ ಇರುತ್ತದೆ, ಕುದುರೆ ಗೆಲ್ಲಲು ಅಥವಾ ಆದಷ್ಟು ಮೇಲಿನ ಸ್ಥಾನ ಪಡೆಯಲು ಗಾಡಿ ಹೊಡೆಯುವವ ಪೂರ್ತಿ ಪ್ರಯತ್ನ ಮಾಡಲೇಬೇಕು ಅಂತ ಲಿಖಿತ ನಿಯಮ ಇದೆ. ಔಷಧ ಕೊಟ್ಟಿದ್ದಾರಾ ಅಂತ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಾರೆ. ಮಿಲ್ಕ್‌ಶೇಕ್ ಅಂತ ಒಂದು ಕುಖ್ಯಾತ ಕಾರಬಾರು ಇದೆ. ಅದು ಹಾಲಲ್ಲ, ನಮ್ಮ ಅಡುಗೆ ಸೋಡಾ ನೀರಿಗೆ ಕಲಸಿ ಮೂಗಿನೊಳಗೆ ಕೊಳವೆ ಹಾಕಿ ಹೊಟ್ಟೆಗೆ ಇಳಿಸುವುದು. ಓಡುವಾಗ ಮೈಯಲ್ಲಿ ಹೆಚ್ಚುವ ಆಮ್ಲವನ್ನು ಸೋಡಾ ತಗ್ಗಿಸುತ್ತದೆ, ದಣಿವು ತಡವಾಗಿ ಬರುತ್ತದೆ ಅನ್ನುವ ಲೆಕ್ಕ. ಸೋಡಾ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅದಕ್ಕೇ ಓಟದ ಮೊದಲು ರಕ್ತ ತೆಗೆದು ಅದನ್ನು ಅಳೆಯುತ್ತಾರೆ, ಲೀಟರಿಗೆ 36 ಮಿಲಿಮೋಲ್ ಮಿತಿ.

ಇಷ್ಟೆಲ್ಲ ಇದ್ದೂ 2011ರಲ್ಲಿ ಗ್ರೀನ್ ಲೈಟ್ ಅನ್ನುವ ಹಗರಣ ಹೊರಗೆ ಬಂತು. ಯಾವ ಓಟದಲ್ಲಿ ಪರೀಕ್ಷೆ ಇರುವುದಿಲ್ಲ ಅಂತ ಸ್ಟೀವರ್ಡ್‌ಗಳೇ ಹಣ ಪಡೆದು ಮೊದಲೇ ತಿಳಿಸುತ್ತಿದ್ದರು ಅನ್ನುವುದು ಆರೋಪ. ಮೋಸ ಹಿಡಿಯಬೇಕಾದವರ ಮೇಲೆಯೇ! ಮರುವರ್ಷ, 2012ರಲ್ಲಿ, ನ್ಯೂ ಸೌತ್ ವೇಲ್ಸ್ ಸರ್ಕಾರ ಪಂದ್ಯ ಫಿಕ್ಸ್ ಮಾಡಿದರೆ 10 ವರ್ಷದವರೆಗೆ ಜೈಲು ಅಂತ ಕಾನೂನು ತಂದಿತು.

ಹಾರೂಗೇರಿ ಅಣ್ಣಾ, ನಾನು ಹೇಳುವುದು ಇಷ್ಟೇ. ಗಾಡಿ ಹೊಡೆಯುವವನ ಕೈ ನೋಡುವ ಮೊದಲು ತೀರ್ಪು ಕೊಡುವ ಪಂಚರು ಯಾರು, ಯಾರ ಸಂಬಂಧಿಕರು ಅಂತ ನೋಡಿ.

ಮುಧೋಳ ಪಶುವೈದ್ಯೆ:

ಎಲ್ಲರೂ ದುಡ್ಡಿನ ಮೋಸದ ಬಗ್ಗೆ ಬರೆದಿದ್ದೀರಿ. ಕುದುರೆಗೆ ಆಗುವ ಮೋಸದ ಬಗ್ಗೆಯೂ ಸ್ವಲ್ಪ ಕೇಳಿ. ಜಾತ್ರೆಯ ಮರುದಿನ ನಮ್ಮ ಕಡೆ ಬರುವ ಕುದುರೆಗಳನ್ನು ನೋಡುತ್ತೇನೆ. ಡಾಂಬರು ರಸ್ತೆಯ ಮೇಲೆ ಓಡಿ ಗೊರಸು ಬಿಸಿಯಾಗಿ ಕಾಲು ಊರಲಾರದೆ ನಿಂತಿರುತ್ತವೆ. ಕಡಿವಾಣ ಜಗ್ಗಿ ಜಗ್ಗಿ ತುಟಿಯ ಮೂಲೆ ಹರಿದಿರುತ್ತದೆ. ಕಾಕಾ ಹೇಳಿದ ಆ ಒಂದು ಸುತ್ತು ಮುಷ್ಟಿ ಇದೆಯಲ್ಲ, ಅದರ ಗಾಯ ನನ್ನ ಮೇಜಿನ ಮುಂದೆ ಬರುತ್ತದೆ. ಒಂದು ಕುದುರೆಗೆ ಏನೋ ಇಂಜೆಕ್ಷನ್ ಕೊಟ್ಟಿದ್ದರು, ಯಾವುದು ಅಂತ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅದು ತಿಳಿಯದೆ ನಾನು ಚಿಕಿತ್ಸೆ ಹೇಗೆ ಕೊಡಲಿ? ಎರಡು ದಿನಕ್ಕೆ ಸತ್ತಿತು.

ಪ್ರಾಣಿಗೆ ಹಾನಿ ಮಾಡುವ ಔಷಧ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ. ಎತ್ತಿನ ಗಾಡಿ ಓಟವನ್ನು 2014ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತ್ತು. 2017ರಲ್ಲಿ ನಮ್ಮ ರಾಜ್ಯ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಆ ತಿದ್ದುಪಡಿಯಲ್ಲಿರುವುದು ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟ. ಕುದುರೆ ಗಾಡಿಯ ಹೆಸರು ಅದರಲ್ಲಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಶರ್ಯತ್ತು ಬೇಡ ಅಂತ ನಾನು ಹೇಳುವುದಿಲ್ಲ, ನಮ್ಮ ತಂದೆಯೂ ಎತ್ತು ಕಟ್ಟಿದವರೇ. ಆದರೆ ಹಳೆಯ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು ಅಂತ ಮಾತ್ರ ಅನ್ನಬೇಡಿ. ಆಗ ಕುದುರೆ ಕುಂಟಿದರೆ ನೋಡುವ ಡಾಕ್ಟರೇ ಹತ್ತಿರ ಇರಲಿಲ್ಲ.

ಜಮಖಂಡಿ ಕಡೆಯವ:

ಡಾಕ್ಟರ್ ಮೇಡಂ ಹೇಳಿದ್ದು ಸರಿ. ನಾನು ನಮ್ಮ ಹಳ್ಳಿಯ ಎತ್ತಿನ ಗಾಡಿ ಶರ್ಯತ್ತಿನ ಕಮೀಟಿಯಲ್ಲಿದ್ದೇನೆ. ಮೂರು ವರ್ಷದ ಹಿಂದೆ ನಮ್ಮಲ್ಲೂ ದೊಡ್ಡ ಜಗಳ ಆಗಿ ಕಲ್ಲು ಬಿದ್ದವು. ಆಮೇಲೆ ಪಂಚರನ್ನು ನಮ್ಮೂರಿನವರನ್ನು ಬಿಟ್ಟು ದೂರದ ಊರುಗಳಿಂದ ಕರೆಸುತ್ತೇವೆ, ಯಾರು ಅಂತ ಆ ದಿನ ಬೆಳಿಗ್ಗೆವರೆಗೆ ಹೇಳುವುದಿಲ್ಲ. ಯಾವ ಗಾಡಿ ಯಾವುದರ ಜೊತೆ ಅನ್ನುವ ಚೀಟಿಯನ್ನು ನಿಶಾನೆ ಬೀಳುವ ಅರ್ಧ ಗಂಟೆ ಮೊದಲು ಚಿಕ್ಕ ಹುಡುಗಿಯ ಕೈಯಿಂದ ಎತ್ತಿಸುತ್ತೇವೆ. ಮೊದಲನೇ ಬಹುಮಾನಕ್ಕೂ ಎರಡನೆಯದಕ್ಕೂ ಅಂತರ ಕಡಿಮೆ ಮಾಡಿದ್ದೇವೆ. ಓಡುವ ಗಾಡಿಗಳ ಹಿಂದೆ ಬೈಕ್ ಹೋಗುವುದನ್ನು ನಿಲ್ಲಿಸಲು ಆಗಿಲ್ಲ, ಅದೊಂದು ತಲೆನೋವು. ದುಡ್ಡು ಹಚ್ಚುವವರು ಈಗಲೂ ಬರುತ್ತಾರೆ, ಆದರೆ ಮೊದಲಿನಷ್ಟು ಅಲ್ಲ.

ಹಾರೂಗೇರಿ ಹುಡುಗ:

ಎಲ್ಲರಿಗೂ ಧನ್ಯವಾದ. ಮೇಡಂ, ಕಡಿವಾಣದ ಗಾಯದ ವಿಷಯ ನನಗೆ ಹೊಳೆದೇ ಇರಲಿಲ್ಲ. ನಮ್ಮ ಅಜ್ಜನ ಕುದುರೆಯ ತುಟಿಯ ಪಕ್ಕ ಬಿಳಿ ಗೆರೆ ಇತ್ತು. ಹುಟ್ಟಿನಿಂದ ಬಂದದ್ದು ಅಂದುಕೊಂಡಿದ್ದೆ. ನಿನ್ನೆ ಊರಿಗೆ ಫೋನ್ ಮಾಡಿ ಅಪ್ಪನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಇರಬಹುದು" ಅಂದರು.

ಜಮಖಂಡಿ ಅಣ್ಣಾ, ಚೀಟಿ ಎತ್ತಿಸುವ ವಿಷಯವನ್ನು ನಮ್ಮ ಕಮೀಟಿಯವರಿಗೆ ಹೇಳುತ್ತೇನೆ. ಕೇಳುತ್ತಾರೋ ಇಲ್ಲವೋ, ಹೇಳುವುದಂತೂ ಹೇಳುತ್ತೇನೆ.

ಕಾಕಾ, ಒಂದು ಕೇಳಬಹುದಾ? ಆಮೇಲೆ ಬಿಜಲಿ ಏನಾಯಿತು?

ಅಥಣಿ ಕಾಕಾ:

ಮರುದಿನ ಬೆಳಿಗ್ಗೆ ಎಂದಿನ ಹಾಗೆ ಗಾಡಿ ಕಟ್ಟಿಸಿಕೊಂಡಿತು. ಅದಕ್ಕೆ ಸಿಟ್ಟು ಇರಲಿಲ್ಲ. ಆದರೆ ನಾನು ಮತ್ತೆ ಶರ್ಯತ್ತಿಗೆ ಇಳಿಸಲಿಲ್ಲ, ಇಳಿಸಿದರೆ ಮತ್ತೆ ಯಾರಾದರೂ ರಾತ್ರಿ ಬಾಗಿಲು ಬಡಿಯುತ್ತಾರೆ ಅನ್ನುವ ಹೆದರಿಕೆ. ಆಟೋಗಳು ಬಂದ ಮೇಲೆ ಸವಾರಿ ಕಡಿಮೆ ಆಯಿತು, ಮಿರಜ ಕಡೆಯ ಒಬ್ಬರಿಗೆ ಕೊಟ್ಟೆ. ಗೆಜ್ಜೆ ಸರ ಮಾತ್ರ ಕೊಡಲಿಲ್ಲ.

ಮುಂದಿನ ವರ್ಷ ಮಗನನ್ನು ಕರೆದುಕೊಂಡು ಬಾ ತಮ್ಮಾ. ನಾನೂ ಬರುತ್ತೇನೆ. ಓಟ ಮುಗಿಯುವಲ್ಲಿ ಗದ್ದಲ ಜಾಸ್ತಿ, ಏನೂ ಕಾಣುವುದಿಲ್ಲ. ನೂರು ಮಾರು ಹಿಂದೆ ನಿಲ್ಲೋಣ. ಯಾವ ಕೈ ಏನು ಮಾಡುತ್ತದೆ ಅಂತ ಅವನಿಗೆ ನಾನೇ ತೋರಿಸುತ್ತೇನೆ.