ಹಳೆಯ ಸಿಡಿಯಲ್ಲಿ ಸಿಕ್ಕಿದ ಪಿ65, ಬಿಆರ್‌ಎಚ್ ಕಡತಗಳನ್ನು ತೆರೆಯುವುದು ಹೇಗೆ?

ಪ್ರಶ್ನೆ: ಸಂಘದ ಕಾರ್ಯದರ್ಶಿ, ಡೊಂಬಿವಿಲಿ

ಮಾನ್ಯರೇ,

ಡೊಂಬಿವಿಲಿಯ ನಮ್ಮ ಪುಟ್ಟ ಕನ್ನಡ ಸಂಘವು 2003ರಲ್ಲಿ ಬೆಳ್ಳಿಹಬ್ಬ ಆಚರಿಸಿದಾಗ ಒಂದು ಸ್ಮರಣ ಸಂಚಿಕೆಯನ್ನು ಹೊರತಂದಿತ್ತು. 2005ರ ಜುಲೈ 26ರ ಮಹಾಮಳೆಯಲ್ಲಿ ನೆಲಮಹಡಿಯ ಕಚೇರಿಗೆ ನೀರು ನುಗ್ಗಿ, ಕಪಾಟಿನಲ್ಲಿದ್ದ ಪ್ರತಿಗಳೆಲ್ಲ ಮುದ್ದೆಯಾದವು. ಸದಸ್ಯರೊಬ್ಬರ ಮನೆಯಲ್ಲಿ ಉಳಿದಿರುವ ಒಂದೇ ಪ್ರತಿಯಲ್ಲಿ ನಡುವಿನ ಹದಿನಾರು ಪುಟಗಳಿಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ನಮ್ಮ ಹಿರಿಯರ ನೆನಪುಗಳಿದ್ದುದು ಆ ಪುಟಗಳಲ್ಲೇ. ಬರೆದವರಲ್ಲಿ ಹೆಚ್ಚಿನವರು ಈಗ ಇಲ್ಲ.

ಕಳೆದ ವಾರ ಹಿಂದಿನ ಕೋಶಾಧಿಕಾರಿಗಳ ಮನೆಯವರು ಸ್ಟೀಲ್ ಕಪಾಟು ಖಾಲಿ ಮಾಡುವಾಗ, ಆ ಸಂಚಿಕೆಯ ಹೆಸರನ್ನು ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದ ಒಂದು ಸಿಡಿ ಸಿಕ್ಕಿತು. ಅದರಲ್ಲಿ ಪಿ65 ಎಂದು ಕೊನೆಗೊಳ್ಳುವ ಒಂದು ದೊಡ್ಡ ಕಡತ, ಬಿಆರ್‌ಎಚ್ ಎಂಬ ಎಕ್ಸ್‌ಟೆನ್ಷನ್ (ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರದ ಗುರುತು) ಇರುವ ಹನ್ನೊಂದು ಕಡತಗಳು, ಸಿಡಿಆರ್ ಎಂಬ ಒಂದು ಕಡತ ಮತ್ತು ಎಕ್ಸ್‌ಟೆನ್ಷನ್ನೇ ಇಲ್ಲದ ಮೂರು ಕಡತಗಳಿವೆ. ಯಾವುದರ ಮೇಲೆ ಒತ್ತಿದರೂ, ಇದನ್ನು ಯಾವ ತಂತ್ರಾಂಶದಲ್ಲಿ ತೆರೆಯಬೇಕೆಂದು ವಿಂಡೋಸ್ ನನ್ನನ್ನೇ ಕೇಳುತ್ತದೆ. ಪಿ65 ಎಂಬುದನ್ನು ಅಳಿಸಿ ಡಾಕ್ ಎಂದು ಬರೆದು ವರ್ಡ್‌ನಲ್ಲಿ ತೆರೆಯಲು ನೋಡಿದೆ, ಬರಲಿಲ್ಲ. ಅಚ್ಚು ಮಾಡಿದ ಮುದ್ರಣಾಲಯವು ಮುಚ್ಚಿ ಎಷ್ಟೋ ವರ್ಷಗಳಾದವು. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಅಕ್ಷರ ಜೋಡಿಸುವವನು, ಪುಣೆ

ನಮಸ್ಕಾರ. ನಾನು ಅಪ್ಪಾ ಬಳವಂತ ಚೌಕದ ಬಳಿ ಬಹಳ ವರ್ಷ ಡಿಟಿಪಿ ಕೆಲಸ ಮಾಡಿದವನು. ಮೊದಲು ನೀವು ಬದಲಿಸಿದ ಹೆಸರನ್ನು ಮೊದಲಿದ್ದಂತೆಯೇ ಪಿ65 ಎಂದು ಮಾಡಿಬಿಡಿ. ಎಕ್ಸ್‌ಟೆನ್ಷನ್ ಎನ್ನುವುದು ಡಬ್ಬಿಯ ಮೇಲಿನ ಚೀಟಿಯಿದ್ದಂತೆ. ಉಪ್ಪಿನ ಡಬ್ಬಿಗೆ ಸಕ್ಕರೆಯೆಂದು ಚೀಟಿ ಅಂಟಿಸಿದರೆ ಒಳಗಿನ ಉಪ್ಪು ಸಿಹಿಯಾಗುವುದಿಲ್ಲ. ಒಳಗೇನಿದೆ ಎಂಬುದನ್ನು ಕಡತದ ಮೊದಲ ಕೆಲವು ಬೈಟ್‌ಗಳೇ ಹೇಳುತ್ತವೆ. ಬೈಟ್‌ಗಳನ್ನು, ಅಂದರೆ ಕಡತವನ್ನು ಕಟ್ಟಿರುವ ಚಿಕ್ಕ ತುಣುಕುಗಳನ್ನು, ಇದ್ದಂತೆಯೇ ತೋರಿಸುವ ಎಚ್‌ಎಕ್ಸ್‌ಡಿ ಎಂಬ ಉಚಿತ ತಂತ್ರಾಂಶದಲ್ಲಿ ಕಡತವನ್ನು ತೆರೆದು ಮೊದಲ ಸಾಲನ್ನಷ್ಟೇ ನೋಡಿ. ಪಿಡಿಎಫ್ ಆಗಿದ್ದರೆ ಶೇಕಡಾ ಚಿಹ್ನೆಯ ನಂತರ ಪಿಡಿಎಫ್ ಎಂಬ ಮೂರು ಅಕ್ಷರಗಳೇ ಕಾಣುತ್ತವೆ. ಜಿಪ್ ಕಡತವಾಗಿದ್ದರೆ, ಆ ಕ್ರಮವನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳಾದ ಪಿ, ಕೆ ಇರುತ್ತವೆ. ಇಂದಿನ ವರ್ಡ್‌ನ ಡಾಕ್ಸ್ ಕಡತವೂ ಒಳಗೆ ಜಿಪ್ ಆಗಿರುವುದರಿಂದ ಅದರಲ್ಲಿಯೂ ಇವೇ ಕಾಣುತ್ತವೆ.

ಪಿ65 ಎಂಬುದು ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್ 6.5ರ ಕಡತ. 1985ರಲ್ಲಿ ಆಲ್ಡಸ್ ಕಂಪನಿ ಹೊರತಂದ ಪೇಜ್‌ಮೇಕರ್, 1994ರಲ್ಲಿ ಅಡೋಬಿಯ ಕೈಗೆ ಬಂದಿತು, ಕೊನೆಯದಾದ 7.0 ಆವೃತ್ತಿಯ ಕಡತಗಳಿಗೆ ಪಿಎಂಡಿ ಎಂಬ ಎಕ್ಸ್‌ಟೆನ್ಷನ್ ಇದೆ. ನಿಮ್ಮ ಕಡತದ ಮೊದಲಿಗೆ ಡಿ0, ಸಿಎಫ್, 11, ಇ0 ಎಂಬ ಬೈಟ್‌ಗಳು ಕಾಣಬೇಕು. ಹಳೆಯ ವರ್ಡ್‌ನ ಡಾಕ್ ಕಡತಗಳ ಆರಂಭದಲ್ಲಿಯೂ ಇವೇ ಇರುತ್ತವೆ, ಏಕೆಂದರೆ ಎರಡೂ ಮೈಕ್ರೋಸಾಫ್ಟಿನ ಒಂದೇ ಬಗೆಯ ಪೆಟ್ಟಿಗೆಯೊಳಗೆ ತಮ್ಮ ಸರಕನ್ನು ಇಡುತ್ತವೆ. ಆದ್ದರಿಂದ ಈ ನಾಲ್ಕು ಬೈಟ್‌ಗಳನ್ನು ಕಂಡು ಇದು ವರ್ಡ್ ಕಡತವೆಂದು ಮೋಸ ಹೋಗಬಾರದು.

ತೆರೆಯಲು ಎರಡು ದಾರಿಗಳಿವೆ. ಯಾರ ಬಳಿಯಾದರೂ ಅಡೋಬಿಯದೇ ಇನ್ನೊಂದು ಪುಟ ವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್ ಸಿಎಸ್6 ಅಥವಾ ಅದಕ್ಕಿಂತ ಹಿಂದಿನ ಆವೃತ್ತಿಯಿದ್ದರೆ, ಪೇಜ್‌ಮೇಕರ್ 6.0ರಿಂದ ಮುಂದಿನ ಕಡತಗಳನ್ನು ಅದು ತೆರೆಯುತ್ತದೆ. ಅದರ ನಂತರದ ಇನ್‌ಡಿಸೈನ್‌ಗಳು ತೆರೆಯುವುದಿಲ್ಲ. ಅದು ಸಿಗದಿದ್ದರೆ ಉಚಿತವಾದ ಲಿಬ್ರೆಆಫೀಸ್ ಹಾಕಿಕೊಳ್ಳಿ. 4.4ನೆಯ ಆವೃತ್ತಿಯಿಂದ ಅದರ ಡ್ರಾ ಭಾಗಕ್ಕೆ ಪೇಜ್‌ಮೇಕರ್ ಕಡತಗಳನ್ನು ಓದುವ ಶಕ್ತಿ ಬಂದಿದೆ. ಪುಟದ ವಿನ್ಯಾಸ ಅಲ್ಲಲ್ಲಿ ಕದಲಬಹುದು, ಆದರೆ ನಿಮಗೆ ಬೇಕಾಗಿರುವುದು ಬರಹ. ಕೋರೆಲ್‌ಡ್ರಾದ ಸಿಡಿಆರ್ ಕಡತವೂ, ಬಹುಶಃ ಅದು ಮುಖಪುಟವಿರಬೇಕು, ಅದೇ ಡ್ರಾದಲ್ಲಿ ತೆರೆದುಕೊಳ್ಳುತ್ತದೆ. ಬಿಆರ್‌ಎಚ್ ಎಂಬುದು ನಮ್ಮ 'ಬರಹ' ತಂತ್ರಾಂಶದ ಕಡತ; ಅದನ್ನು ಬರಹದಲ್ಲಿಯೇ ತೆರೆದು ಯುನಿಕೋಡ್ ಆಗಿ, ಅಂದರೆ ಇಂದಿನ ಎಲ್ಲ ಯಂತ್ರಗಳೂ ಓದಬಲ್ಲ ಅಕ್ಷರಕ್ರಮದಲ್ಲಿ, ಉಳಿಸಿಕೊಳ್ಳಿ.

ಉತ್ತರ 2: ಗ್ರಂಥಾಲಯ ಸೇವಕ, ಮಡಗಾಂವ್

ಮೇಲಿನವರು ಹೇಳಿದ್ದನ್ನು ಮಾಡುವ ಮೊದಲು ಇಡೀ ಸಿಡಿಯನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಆ ನಕಲಿನ ಮೇಲೆ ಮಾತ್ರ ಪ್ರಯೋಗ ನಡೆಸಿ. ಇಲ್ಲಿ ಗೋವೆಯಲ್ಲಿ ಮಳೆಗಾಲದ ತೇವಕ್ಕೆ ಸಿಡಿಗಳ ಅಂಚಿನಿಂದ ಬೂಷ್ಟು ಹಿಡಿಯುವುದನ್ನು ನಾನು ನೋಡುತ್ತಲೇ ಇದ್ದೇನೆ, ನಿಮ್ಮ ಕಡೆಯ ಹವೆಯೂ ಅದಕ್ಕಿಂತ ಒಣಗಿದ್ದೇನಲ್ಲ. ಸಿಡಿಯನ್ನು ಒರೆಸುವುದಾದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಲೂ ತಿರುಗಿಸಿ ಒರೆಸಿದರೆ ಗೀರು ಮಾಹಿತಿ ಬರೆದಿರುವ ಸುರುಳಿಯ ಉದ್ದಕ್ಕೇ ಬಿದ್ದು ಓದುವುದು ಇನ್ನಷ್ಟು ಕಷ್ಟವಾಗುತ್ತದೆ.

ಎಕ್ಸ್‌ಟೆನ್ಷನ್ ಇಲ್ಲದ ಮೂರು ಕಡತಗಳ ಬಗ್ಗೆ ನನ್ನ ಊಹೆ ಇದು. ಆಗ ಚಿತ್ರಗಳ ಸ್ಕ್ಯಾನಿಂಗನ್ನು ಹಲವೆಡೆ ಮ್ಯಾಕಿಂಟಾಷ್ ಯಂತ್ರದಲ್ಲಿ ಮಾಡುತ್ತಿದ್ದರು. ಹಳೆಯ ಮ್ಯಾಕ್ ವ್ಯವಸ್ಥೆಯು ಕಡತ ಯಾವ ಬಗೆಯದು ಎಂಬುದನ್ನು ಹೆಸರಿನ ಕೊನೆಯಲ್ಲಿ ಬರೆಯದೆ, ನಾಲ್ಕು ಅಕ್ಷರಗಳ ಗುರುತಾಗಿ ಬೇರೆಡೆ ಇಟ್ಟುಕೊಳ್ಳುತ್ತಿತ್ತು. ಅಂಥ ಕಡತ ವಿಂಡೋಸಿಗೆ ಬಂದಾಗ ಆ ಗುರುತು ಕಳೆದುಹೋಗುತ್ತಿತ್ತು. ಮೊದಲ ಬೈಟ್‌ಗಳಲ್ಲಿ ಎರಡು 'ಎಂ' ಅಕ್ಷರಗಳು ಕಂಡರೆ ಅದು ಬಹುತೇಕ ಮ್ಯಾಕ್‌ನಲ್ಲಿ ಉಳಿಸಿದ ಟಿಫ್ ಚಿತ್ರ, ಎರಡು 'ಐ' ಕಂಡರೆ ಇಂಟೆಲ್ ಕ್ರಮದ ಟಿಫ್ ಚಿತ್ರ. ಎಫ್‌ಎಫ್, ಡಿ8, ಎಫ್‌ಎಫ್ ಎಂದಿದ್ದರೆ ಜೆಪೆಗ್. ಈ ಸಂದರ್ಭದಲ್ಲಿ ಮಾತ್ರ ಹೆಸರಿನ ಕೊನೆಗೆ ಚುಕ್ಕೆಯಿಟ್ಟು ಟಿಐಎಫ್ ಎಂದೋ ಜೆಪಿಜಿ ಎಂದೋ ಸೇರಿಸುವುದು ಸರಿಯಾದ ಕೆಲಸ, ಏಕೆಂದರೆ ಒಳಗಿರುವುದೇನೆಂದು ತಿಳಿದ ಮೇಲೆ ಚೀಟಿ ಅಂಟಿಸುತ್ತಿದ್ದೀರಿ.

ಇನ್ನೊಂದು ವಿನಂತಿ. ಕಡತ ಕೊಟ್ಟರೆ ತೆರೆದುಕೊಡುತ್ತೇವೆ ಎನ್ನುವ ಅಪರಿಚಿತ ಜಾಲತಾಣಗಳಿಗೆ ಇವನ್ನು ಹಾಕಬೇಡಿ. ಸ್ಮರಣ ಸಂಚಿಕೆಯೆಂದ ಮೇಲೆ ಸದಸ್ಯರ ವಿಳಾಸ, ದೂರವಾಣಿಗಳ ಪಟ್ಟಿ ಇದ್ದೇ ಇರುತ್ತದೆ. ಎರಡನೆಯದಾಗಿ, ಮೊದಲ ಎರಡು ಅಕ್ಷರಗಳು ಎಂ, ಝಡ್ ಆಗಿದ್ದರೆ ಅದು ಲೇಖನವೂ ಅಲ್ಲ, ಚಿತ್ರವೂ ಅಲ್ಲ, ಓಡುವ ಪ್ರೋಗ್ರಾಮು, ಅದನ್ನು ಮುಟ್ಟಬೇಡಿ.

ಮತ್ತೆ ಕಾರ್ಯದರ್ಶಿ, ಡೊಂಬಿವಿಲಿ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಎಕ್ಸ್‌ಟೆನ್ಷನ್ ಇಲ್ಲದ ಮೂರೂ ಕಡತಗಳು ಎರಡು ಎಂ ಅಕ್ಷರಗಳಿಂದ ಆರಂಭವಾಗಿದ್ದವು. ಟಿಐಎಫ್ ಎಂದು ಸೇರಿಸಿದೊಡನೆ ನಮ್ಮ ಮೊದಲ ಯಕ್ಷಗಾನ ತಂಡದ ಛಾಯಾಚಿತ್ರ ಪರದೆಯ ಮೇಲೆ ಮೂಡಿತು. ಬಿಆರ್‌ಎಚ್ ಕಡತಗಳಲ್ಲಿ ವರದಿ, ಲೆಕ್ಕಪತ್ರಗಳಷ್ಟೇ ಇವೆ. ನನಗೆ ಬೇಕಾದ ನೆನಪುಗಳು ಪೇಜ್‌ಮೇಕರ್ ಕಡತದಲ್ಲಿಯೇ ಇರಬೇಕು. ಅದು ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದುಕೊಂಡಿತು, ಆದರೆ ಕನ್ನಡದ ಬದಲು ಪೌಂಡ್ ಚಿಹ್ನೆ, ತಲೆಯ ಮೇಲೆ ಓರೆಗೆರೆಯಿರುವ ಇಂಗ್ಲಿಷ್ 'ಎ', ಜರ್ಮನ್ ಭಾಷೆಯ ಯಾವುದೋ ಅಕ್ಷರ ಇವೇ ಪುಟ ತುಂಬ ಬಂದಿವೆ. ಕಡತವೇ ಕೆಟ್ಟಿದೆಯೇ?

ಉತ್ತರ 3: ಅಕ್ಷರ ಜೋಡಿಸುವವನು, ಪುಣೆ

ಕೆಟ್ಟಿಲ್ಲ, ನೀವು ಹೇಳಿದ ಗುರುತುಗಳೇ ಅದು ಚೆನ್ನಾಗಿದೆಯೆಂದು ತಿಳಿಸುತ್ತವೆ. ನುಡಿಯಂಥ ಹಳೆಯ ಕನ್ನಡ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. 'ಕನ್ನಡ' ಎಂಬ ಪದದ 'ಕ' ಅಲ್ಲಿ ದೊಡ್ಡ 'ಪಿ' ಮತ್ತು ಓರೆಗೆರೆಯ 'ಎ', 'ನ' ಎಂಬುದು ಪೌಂಡ್ ಚಿಹ್ನೆ ಮತ್ತು ಅದೇ 'ಎ', ಕೆಳಗಿನ ನ-ಒತ್ತು ನೀವು ಹೇಳಿದ ಜರ್ಮನ್ ಅಕ್ಷರ. ಫಾಂಟ್ ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚಿ ಈ ಗುರುತುಗಳೇ ಕಾಣುತ್ತವೆ. ನುಡಿ ಫಾಂಟ್ ಹಾಕಿಕೊಂಡರೆ ಓದಲು ಸಿಗುತ್ತದೆ, ಆದರೆ ಹುಡುಕಲು, ಮೊಬೈಲಿನಲ್ಲಿ ಕಳುಹಿಸಲು ಆಗುವುದಿಲ್ಲ. ಆದ್ದರಿಂದ ಬರಹವನ್ನು ನಕಲು ಮಾಡಿ, ಹಳೆಯ ನುಡಿಯಿಂದ ಯುನಿಕೋಡಿಗೆ ಪರಿವರ್ತಿಸುವ ಸಾಧನದಲ್ಲಿ ಹಾಕಿ. ಯಾವುದಾದರೂ ಲೇಖನ ಪರಿವರ್ತನೆಯ ನಂತರವೂ ಅರ್ಥವಾಗದಿದ್ದರೆ, ಅದನ್ನು ನಮ್ಮ ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯ ಶ್ರೀಲಿಪಿ ತಂತ್ರಾಂಶದಲ್ಲಿ ಜೋಡಿಸಿರಬಹುದು. ಅದರ ಸಂಕೇತಕ್ರಮವೇ ಬೇರೆ, ಪರಿವರ್ತಕವೂ ಬೇರೆ ಬೇಕು.

ಪರಿವರ್ತನೆ ಮುಗಿದ ಮೇಲೆ ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಇಡುತ್ತಿದ್ದರು, ಯುನಿಕೋಡಿನಲ್ಲಿ ರಕಾರವು ಅಕ್ಷರಕ್ಕೆ ಮೊದಲು ಬರಬೇಕು. ಈ ಸ್ಥಳಾಂತರದಲ್ಲಿ ಸಾಧನ ಎಡವಿದರೆ ಕಾರ್ಯ, ವರ್ಷ, ಧರ್ಮ ಮುಂತಾದ ಪದಗಳು ಕೆಡುತ್ತವೆ.

ಕಾರ್ಯದರ್ಶಿ, ಡೊಂಬಿವಿಲಿ

ನಿನ್ನೆ ರಾತ್ರಿ ಪರಿವರ್ತನೆ ಮಾಡಿದೆ. ಹದಿನಾರು ಪುಟಗಳಲ್ಲಿ ಹದಿನಾಲ್ಕು ಪೂರ್ತಿಯಾಗಿ ಬಂದಿವೆ. ನೀವು ಎಚ್ಚರಿಸಿದಂತೆ 'ವರ್ಷ' ಎಂಬ ಪದ ಹಲವೆಡೆ ಕೆಟ್ಟಿತ್ತು, ಕುಳಿತು ತಿದ್ದಿದೆ. ಉಳಿದೆರಡು ಪುಟಗಳ ಲೇಖನ ಶ್ರೀಲಿಪಿಯಲ್ಲಿರುವಂತೆ ತೋರುತ್ತದೆ. ಅದನ್ನು ಪರಿವರ್ತಿಸಬಲ್ಲವರು ಠಾಣೆ ಅಥವಾ ದಾದರ್ ಕಡೆ ಯಾರಾದರೂ ಇದ್ದರೆ ಇಲ್ಲಿಯೇ ತಿಳಿಸಿ, ಪೆನ್‌ಡ್ರೈವ್ ಹಿಡಿದು ನಾನೇ ಬರುತ್ತೇನೆ.