ಮಳೆಗಾಲದ ಸಿನಿಮಾ ಸಂಜೆಗೆ ಯಾವ ನಿರ್ದೇಶಕರು? ನೋಡಿದವರು ಹೇಳಿ

ಶಿರಸಿಯಿಂದ, ಕೇಳಿದವರು:
ನಮ್ಮೂರಿನ ಸಂಘದ ಹಾಲ್‌ನಲ್ಲಿ ಈ ಮಳೆಗಾಲದಿಂದ ತಿಂಗಳಿಗೊಂದು ಸಿನಿಮಾ ತೋರಿಸೋಣ ಅಂತ ಮಾತಾಗಿದೆ. ಪ್ರೊಜೆಕ್ಟರ್ ಇದೆ, ಪರದೆ ಇದೆ, ಯಾವ ಸಿನಿಮಾ ಅನ್ನೋದರಲ್ಲಿ ಮಾತ್ರ ಜಗಳ. ಒಂದು ತಿಂಗಳು ಒಬ್ಬ ನಿರ್ದೇಶಕರದ್ದು ಅಂತ ಇಟ್ಟುಕೊಂಡಿದ್ದೇವೆ. ಬರುವವರು ಎಲ್ಲ ಥರದವರು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಿ ಸುಸ್ತಾದ ತೋಟದವರು, ಕಾಲೇಜು ಮಕ್ಕಳು, ಧಾರಾವಾಹಿ ಬಿಟ್ಟು ಬರಬೇಕಾದ ಅಮ್ಮಂದಿರು. ನಿಮಗೆ ಇಷ್ಟದ ನಿರ್ದೇಶಕರು ಯಾರು, ಅವರ ಸಿನಿಮಾ ಮನಸ್ಸಲ್ಲಿ ಉಳಿಯೋದು ಯಾಕೆ ಅಂತ ಬರೆಯಿರಿ. ಸುಮ್ನೆ ‘ಸೂಪರ್’ ಅಂತ ಹಾಕಿ ಹೋಗಬೇಡಿ.

ಹೊನ್ನಾವರದಿಂದ:
ಇದರಲ್ಲಿ ಕೇಳೋದೇನಿದೆ ಮಾರಾಯ್ರೇ, ಶಂಕರ್‌ನಾಗ್! ನಮ್ಮ ತಾಲೂಕಿನ ಮಲ್ಲಾಪುರದಲ್ಲಿ ಹುಟ್ಟಿದವರು ಅನ್ನೋ ಅಭಿಮಾನ ಇದೆ, ಇಲ್ಲ ಅನ್ನೋದಿಲ್ಲ. ಅದನ್ನು ಪಕ್ಕಕ್ಕಿಟ್ಟು ನೋಡಿದರೂ ‘ಆಕ್ಸಿಡೆಂಟ್’ ಇವತ್ತಿಗೂ ಕೂತಲ್ಲಿಂದ ಏಳಲು ಬಿಡೋದಿಲ್ಲ. ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಹತ್ತಿಸುತ್ತಾನೆ. ಆಮೇಲೆ ಅದನ್ನು ಹೇಗೆ ಮುಚ್ಚಿಹಾಕುತ್ತಾರೆ ಅನ್ನೋದೇ ಕಥೆ. ಇಳಯರಾಜಾ ಅವರನ್ನು ಕರೆಸಿಯೂ ಒಂದು ಹಾಡು ಇಟ್ಟಿಲ್ಲ, ಬರೀ ಹಿನ್ನೆಲೆ ಸಂಗೀತ. ಆ ಕಾಲದಲ್ಲಿ ಅದಕ್ಕೆ ಎಂಥ ಧೈರ್ಯ ಬೇಕು ಹೇಳಿ. ಸ್ವಂತ ಅಣ್ಣ ಅನಂತ್‌ನಾಗ್‌ಗೆ ಆ ರಾಜಕಾರಣಿಯ ಪಾತ್ರ ಕೊಟ್ಟು, ತಾನು ಪತ್ರಕರ್ತನಾಗಿ ಎದುರು ನಿಂತಿದ್ದಾರೆ. ಅನಂತ್‌ನಾಗ್ ಮುಖ ನೋಡಿ, ಮಗನ ಚಿಂತೆ ಎಷ್ಟು, ಕುರ್ಚಿಯ ಚಿಂತೆ ಎಷ್ಟು ಅಂತ ಬೇರೆ ಮಾಡಲಿಕ್ಕೇ ಆಗೋದಿಲ್ಲ.

ಮಕ್ಕಳು ಬರ್ತಾರೆ ಅಂದರೆ ‘ಮಾಲ್ಗುಡಿ ಡೇಸ್’ನ ಒಂದು ಕಂತು ಮೊದಲು ಹಾಕಿ. ಹಿಂದಿಯಲ್ಲಿದೆ, ಆದರೂ ಆಗುಂಬೆಯ ಆ ಮನೆ, ಆ ಜಗಲಿ, ಆ ಕಂಬ ನೋಡಿದರೆ ನಮ್ಮ ಘಟ್ಟದವರಿಗೆ ಭಾಷೆ ಅಡ್ಡ ಬರೋದಿಲ್ಲ. 1980ರಲ್ಲಿ ‘ಮಿಂಚಿನ ಓಟ’ದಿಂದ ನಿರ್ದೇಶನ ಶುರು, 1990ರಲ್ಲಿ ಮನುಷ್ಯನೇ ಇಲ್ಲ. ಹತ್ತು ವರ್ಷದಲ್ಲಿ ಇಷ್ಟೆಲ್ಲ.

ಶಿರಸಿಯಿಂದ, ಕೇಳಿದವರು:
ಇದಕ್ಕೆ ನಮ್ಮಲ್ಲೂ ಒಪ್ಪಿಗೆ ಇದೆ. ಜಗಳ ಇರೋದು ಗಿರೀಶ್ ಕಾಸರವಳ್ಳಿಯವರ ಬಗ್ಗೆ. ‘ನಿಧಾನ ಆಗ್ತದೆ, ಜನ ನಿದ್ದೆ ಹೊಡೀತಾರೆ’ ಅಂತ ಅರ್ಧ ಸಮಿತಿ ಹೇಳ್ತಿದೆ. ತೋರಿಸಿದ ಅನುಭವ ಯಾರಿಗಾದರೂ ಇದೆಯಾ?

ಕುಮಟಾದಿಂದ:
ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ.

ನಾವು ಕಾಸರವಳ್ಳಿಯವರ ‘ದ್ವೀಪ’ ತೋರಿಸಿದ್ದು ಆಷಾಢದಲ್ಲಿ, ತಗಡಿನ ಮಾಡಿನ ಹಾಲ್‌ನಲ್ಲಿ. ಹೊರಗೂ ಮಳೆ, ಪರದೆ ಮೇಲೂ ಮಳೆ. ಯಾವ ಸದ್ದು ಯಾವುದು ಅಂತಲೇ ಗೊತ್ತಾಗ್ತಿರಲಿಲ್ಲ. ನಾ. ಡಿಸೋಜ ಅವರ ಕಾದಂಬರಿ, ಅಣೆಕಟ್ಟಿಂದ ಮುಳುಗಡೆಯಾಗುವ ಊರು. ಉಳಿದವರೆಲ್ಲ ಪರಿಹಾರ ತಗೊಂಡು ಗಂಟುಮೂಟೆ ಕಟ್ಟುತ್ತಾರೆ, ಒಂದು ಮನೆಯವರು ಮಾತ್ರ ಅಲ್ಲೇ ಉಳೀತಾರೆ. ಗಂಡ ಗಣಪ, ಹೆಂಡತಿ ನಾಗಿ, ವಯಸ್ಸಾದ ಮಾವ. ದಿನಾ ನೀರು ಏರುತ್ತದೆ. ಅಷ್ಟೇ ನೋಡಿ. ನಿನ್ನೆ ಕಂಡ ಜಾಗ ಇವತ್ತು ಕಾಣೋದಿಲ್ಲ. ಯಾರೂ ಕೂಗಾಡೋದಿಲ್ಲ, ಭಾಷಣ ಇಲ್ಲ. ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾ ಆ ಹಸಿರನ್ನು, ಆ ಮೋಡದ ಬೆಳಕನ್ನು ಹಿಡಿದಿದ್ದಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಸಿನಿಮಾಕ್ಕೆ ಸ್ವರ್ಣಕಮಲ. ನಾಗಿಯಾಗಿ ನಟಿಸಿದ ಸೌಂದರ್ಯ ಅವರೇ ನಿರ್ಮಾಪಕಿ ಕೂಡ.

ಈಗ ನಿದ್ದೆಯ ವಿಷಯ. ನಮ್ಮ ಜಿಲ್ಲೆಯಲ್ಲಿ ಮುಳುಗಡೆ, ಪುನರ್ವಸತಿ ಅಂದರೆ ಯಾರಿಗೆ ಗೊತ್ತಿಲ್ಲ? ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು, ಆಮೇಲೆ ಕಾರವಾರ–ಅಂಕೋಲಾ ಕಡೆಯ ಸೀಬರ್ಡ್ ನೌಕಾನೆಲೆ. ನಮ್ಮ ಹಾಲ್‌ನಲ್ಲಿ ಹಿಂದಿನ ಸಾಲಲ್ಲಿ ಒಬ್ಬ ಅಜ್ಜಿ ಕೂತಿದ್ದರು, ಹೀಗೇ ಊರು ಬಿಟ್ಟು ಬಂದ ಮನೆಯವರು. ಮನೆ ಖಾಲಿ ಮಾಡುವ ಹೊತ್ತಿಗೆ ಪಕ್ಕದವರಿಗೆ ಕೇಳುವಷ್ಟು ಜೋರಾಗಿ, ‘ಒರಳುಕಲ್ಲು ಹೊತ್ಕೊಂಡು ಹೋಗಲಿಕ್ಕೆ ಆಗೋದಿಲ್ಲ ಅಲ್ವಾ’ ಅಂದರು. ಯಾರೂ ಶ್ ಅನ್ನಲಿಲ್ಲ. ನಿದ್ದೆ ಹೊಡೆದವರು ಇರಲಿಲ್ಲ ಅಂತಲ್ಲ, ಇದ್ದರು. ಬೇಗ ಬೇಗ ಓಡುವ ಸಿನಿಮಾಕ್ಕೂ ಅವರು ನಿದ್ದೆ ಹೊಡೀತಾರೆ, ಬಿಡಿ.

ಕಾಸರವಳ್ಳಿಯವರದ್ದು ಉಳಿಯೋದು ಯಾಕೆ ಅಂದರೆ, ತಪ್ಪು ಯಾರದ್ದು ಅಂತ ಅವರು ಬೆರಳು ತೋರಿಸಿ ಮುಗಿಸೋದಿಲ್ಲ. ನೀರು ಏರುವಾಗ ಮನೆ ಉಳಿಸಲು ನಾಗಿ ಪಟ್ಟ ಪಾಡು ನಮ್ಮ ಕಣ್ಣೆದುರೇ ಇರುತ್ತದೆ, ಕೊನೆಗೆ ಅದನ್ನು ಲೆಕ್ಕಕ್ಕೆ ಹಿಡಿಯುವವರೇ ಇಲ್ಲ. ನಮ್ಮಲ್ಲಿ ಸಿನಿಮಾ ಮುಗಿದ ಮೇಲೆ ಚಹಾ ಕುಡಿಯುವಾಗ ಗಂಡಸರೆಲ್ಲ ಅಣೆಕಟ್ಟಿನ ವಿಷಯ ಮಾತಾಡಿದರು, ಹೆಂಗಸರೆಲ್ಲ ನಾಗಿ ವಿಷಯ. ಎರಡೂ ಗುಂಪು ಒಂದೇ ಸಿನಿಮಾ ನೋಡಿದ್ದು ಹೌದಾ ಅಂತ ಅನುಮಾನ ಬರುವ ಹಾಗೆ.

ಭಟ್ಕಳದಿಂದ:
ಕುಮಟಾದವರ ಮಾತು ಸರಿ. ಆದರೆ ಕರಾವಳಿಯವರಿಗೆ ‘ಗುಲಾಬಿ ಟಾಕೀಸ್’ ಇನ್ನೂ ಹತ್ತಿರ. 2008ರದ್ದು. ವೈದೇಹಿಯವರ ಕಥೆಯಲ್ಲಿ ಇರೋದು ಹೆಂಗಸರ ಟಾಕೀಸು, ಕಾಸರವಳ್ಳಿ ಅದನ್ನು ಡಿಶ್ ಆಂಟೆನಾ ಇರುವ ಟಿ.ವಿ. ಮಾಡಿದರು. ಸೂಲಗಿತ್ತಿ ಗುಲಾಬಿ ಮನೆಗೆ ಟಿ.ವಿ. ಬಂತು ಅಂತ ಓಣಿಯ ಹೆಂಗಸರೆಲ್ಲ ಬಂದು ಕೂರುತ್ತಾರೆ. ಜಾತಿ, ಮತ ಬಾಗಿಲ ಹೊರಗೇ ಬಿಟ್ಟು ಬಂದ ಹಾಗೆ ಕಾಣುತ್ತದೆ. ಹೊರಗೆ ಬೋಟಿನವರ ಜಗಳ, ಕಾರ್ಗಿಲ್ ಯುದ್ಧದ ಸುದ್ದಿ ಸೇರಿದ ಮೇಲೆ, ಮುಸ್ಲಿಂ ಆದ ಅದೇ ಗುಲಾಬಿ ಹೇಗೆ ಪರಕೀಯಳಾಗುತ್ತಾಳೆ ನೋಡಿ. ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ಸುಮ್ನೆ ಬಂದಿದ್ದಲ್ಲ. ಟಿ.ವಿ. ನೋಡುವಾಗಿನ ಅವರ ಆ ನಗು!

ಕಾರವಾರದಿಂದ:
ಎಲ್ಲ ಸರಿ, ಅಮ್ಮಂದಿರು ಬರಬೇಕು ಅಂದರಲ್ಲ, ಹಾಗಾದರೆ ಪುಟ್ಟಣ್ಣ ಕಣಗಾಲ್ ಬಿಟ್ಟು ಇದೇನು ಚರ್ಚೆ? ಮೊದಲ ತಿಂಗಳೇ ‘ಶರಪಂಜರ’ ಹಾಕಿ, ಹಾಲ್ ಸಾಲದಿದ್ದರೆ ನನ್ನನ್ನು ಕೇಳಿ. ತ್ರಿವೇಣಿಯವರ ಕಾದಂಬರಿ, 1971. ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಆಮೇಲೆ ಅವಳು ನಕ್ಕರೂ ಹುಚ್ಚು, ಸಿಟ್ಟಾದರೂ ಹುಚ್ಚು. ಕಾವೇರಿಯಾದ ಕಲ್ಪನಾ ಒಂದು ಮಾತಾಡಿದ ಕೂಡಲೇ ಸುತ್ತ ಇದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರಲ್ಲ, ಆ ನೋಟಗಳ ಮೇಲೇ ಪುಟ್ಟಣ್ಣ ಇಡೀ ಸಿನಿಮಾ ನಿಲ್ಲಿಸಿದ್ದಾರೆ. ಇವತ್ತಿಗೂ ನಮ್ಮ ಮನೆಗಳಲ್ಲಿ ಆ ನೋಟ ಇದೆ. ನನ್ನ ಅತ್ತೆ ಮನೆಯಲ್ಲಿ ಕೊಂಕಣಿ ಬಿಟ್ಟು ಬೇರೆ ಮಾತಾಡೋದಿಲ್ಲ, ಸಿನಿಮಾ ಬಿಡೋ ಹೊತ್ತಿಗೆ ಸೆರಗಲ್ಲಿ ಕಣ್ಣು ಒರೆಸುತ್ತಾ ಕಾವೇರಿಯ ಗಂಡನಿಗೆ ಬೈಯುತ್ತಿದ್ದರು.

ಪುಟ್ಟಣ್ಣ ಜಾಸ್ತಿ ನಾಟಕೀಯ ಅಂತ ಓದಿದವರು ಮೂಗು ಮುರಿಯುತ್ತಾರೆ. ಮುರಿಯಲಿ. ಹಾಡನ್ನು ಹೀಗೆ ಕಥೆಗೆ ಹೊಲಿದವರು ಇನ್ಯಾರಿದ್ದಾರೆ? ಅವರ ಸಿನಿಮಾದಲ್ಲಿ ಹಾಡು ಬಂತು ಅಂತ ಬೀಡಿ ಸೇದಲು ಎದ್ದು ಹೋದರೆ ವಾಪಸ್ ಬರುವಾಗ ಕಥೆ ಕೈತಪ್ಪಿರುತ್ತದೆ. ಬೆಟ್ಟ, ಬಂಡೆ, ಕೋಟೆ ಕೂಡ ಅವರಲ್ಲಿ ಸುಮ್ನೆ ನಿಂತಿರೋದಿಲ್ಲ. ‘ನಾಗರಹಾವು’ ಇಲ್ಲದೆ ಚಿತ್ರದುರ್ಗವನ್ನು ನೆನೆಸಿಕೊಳ್ಳಲು ನನಗಂತೂ ಆಗೋದಿಲ್ಲ.

ಯಲ್ಲಾಪುರದಿಂದ:
ಎಲ್ಲರೂ ಹಳೆಯದೇ ಹೇಳ್ತಿದ್ದೀರಿ, ಕಾಲೇಜಿನವರು ನಾವೂ ಇದ್ದೇವೆ. ನಟೇಶ್ ಹೆಗಡೆ ನಮ್ಮ ಜಿಲ್ಲೆಯವರೇ. ಅವರ ‘ಪೆದ್ರೊ’ 2021ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವಕ್ಕೆ ಹೋಗಿತ್ತು, ನಿರ್ಮಾಣ ರಿಷಬ್ ಶೆಟ್ಟಿಯವರದ್ದು. ಲೈಟ್ ಕಂಬ ಹತ್ತುವ ಒಬ್ಬ ಎಲೆಕ್ಟ್ರಿಷಿಯನ್, ಅವನ ಕೈಯಿಂದ ನಡೆದುಹೋದ ಒಂದು ಅನಾಹುತ, ಆಮೇಲೆ ಊರು ಅವನನ್ನು ನೋಡುವ ರೀತಿ. ಪೆದ್ರೊ ಪಾತ್ರ ಮಾಡಿದ್ದು ನಿರ್ದೇಶಕರ ತಂದೆ. ನಟನೆ ಅಂತ ಅನಿಸೋದೇ ಇಲ್ಲ. ಕ್ಯಾಮೆರಾ ದೂರ ನಿಂತು ನೋಡುತ್ತದೆ, ಕಾಡು ದೊಡ್ಡದು, ಮನುಷ್ಯ ಸಣ್ಣವನು. ನಮ್ಮ ಮಳೆ, ನಮ್ಮ ಕೆಸರು, ‘ಕರೆಂಟ್ ಹೋತು’ ಅನ್ನೋ ನಮ್ಮ ಮಾತು ಪರದೆ ಮೇಲೆ ಬಂದಾಗ ಮೈ ಜುಂ ಅಂತು.

ನಗಬೇಕು ಅಂದರೆ ರಾಮ್ ರೆಡ್ಡಿ ಅವರ ‘ತಿಥಿ’. ಮಂಡ್ಯ ಕಡೆಯ ಹಳ್ಳಿಯವರೇ ಬಣ್ಣ ಹಚ್ಚದೆ ನಟಿಸಿದ್ದಾರೆ. ಬೈಗುಳ ಇದೆ, ಮಕ್ಕಳನ್ನು ನೋಡಿಕೊಂಡು ಹಾಕಿ.

ಸಿದ್ದಾಪುರದಿಂದ:
ಶಿರಸಿಯವರಾಗಿ ಗಿರೀಶ್ ಕಾರ್ನಾಡರನ್ನು ಮರೆತಿದ್ದೀರಿ ಅಂದರೆ ಏನು ಹೇಳೋದು! ಬಾಲ್ಯ ಕಳೆದದ್ದು ನಿಮ್ಮೂರಲ್ಲಿ, ನಾಟಕ ಕಂಪನಿ, ಯಕ್ಷಗಾನ ನೋಡಿ ಬೆಳೆದದ್ದು ನಿಮ್ಮೂರಲ್ಲಿ. ಅವರ ‘ಕಾಡು’ (1973) ಹಾಕಿ. ಎರಡು ಊರಿನ ಜಗಳ, ಗಂಡ ಹೆಂಡಿರ ಜಗಳ, ಎಲ್ಲವನ್ನೂ ಕಿಟ್ಟಿ ಅನ್ನೋ ಹುಡುಗನ ಕಣ್ಣಿಂದ ತೋರಿಸುತ್ತಾರೆ. ಹುಡುಗನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತಾ ಹೋಗುತ್ತದೆ, ಹೆದರಿಕೆ ಹುಟ್ಟೋದು ಅಲ್ಲೇ. ಹೊಡೆದಾಟ ಬೇಕು ಅನ್ನುವವರಿಗೆ ‘ಒಂದಾನೊಂದು ಕಾಲದಲ್ಲಿ’ ಇದೆ. ಹೊನ್ನಾವರದವರಿಗೂ ಖುಷಿಯಾಗಲಿ, ಶಂಕರ್‌ನಾಗ್ ಸಿನಿಮಾಕ್ಕೆ ಬಂದದ್ದು ಅದರಿಂದಲೇ.

ಅಂಕೋಲಾದಿಂದ:
ನಿರ್ದೇಶಕರ ಪಟ್ಟಿ ಜೋರಾಗಿದೆ, ನಾನು ಬೇರೆ ಮಾತು ಹೇಳುತ್ತೇನೆ. ಒಂದು, ಹಕ್ಕು ಯಾರ ಹತ್ತಿರ ಇದೆ ಕೇಳಿ ಅನುಮತಿ ತಗೊಳ್ಳಿ. ಮೊಬೈಲಿನಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಹಾಲ್‌ನಲ್ಲಿ ಹಾಕುವ ಹಾಗಿಲ್ಲ. ಎರಡು, ಕಾಸರವಳ್ಳಿ ಹಾಕುವ ದಿನ ಸ್ಪೀಕರ್ ಒಳ್ಳೆಯದು ತನ್ನಿ. ಅವರ ಸಿನಿಮಾದಲ್ಲಿ ಸಣ್ಣ ಸದ್ದಿಗೂ ಕೆಲಸ ಇರುತ್ತದೆ, ನಮ್ಮಲ್ಲಿ ಮಳೆ ಬಿದ್ದು ಅರ್ಧ ಮಾತು ಕೇಳಲೇ ಇಲ್ಲ. ಮತ್ತೆ, ಸಿನಿಮಾಕ್ಕೆ ಮೊದಲು ಭಾಷಣಕ್ಕೆ ಯಾರನ್ನೂ ಕರೆಯಬೇಡಿ. ಕರೆದರೆ ಕಥೆ ಪೂರ್ತಿ ಹೇಳಿಯೇ ಇಳಿಯುತ್ತಾರೆ.

ಶಿರಸಿಯಿಂದ, ಕೇಳಿದವರು:
ಕಾರವಾರದವರೇ, ಮೊದಲ ತಿಂಗಳು ‘ಶರಪಂಜರ’ ಅಂತ ಸಮಿತಿಯಲ್ಲಿ ಹೇಳಿ ನೋಡಿದೆ. ಯಾರೂ ತಕರಾರು ಮಾಡಲಿಲ್ಲ, ಇದೇ ಮೊದಲ ಸಲ! ‘ದ್ವೀಪ’ ಎರಡನೆಯದು, ಮಳೆ ಇರುವಾಗಲೇ ಆಗಲಿ. ಅಂಕೋಲಾದವರೇ, ನಿಮ್ಮ ಸ್ಪೀಕರ್ ಬಾಡಿಗೆಗೆ ಸಿಗುತ್ತದಾ?

ಅಂಕೋಲಾದಿಂದ:
ಬಾಡಿಗೆ ಬೇಡ, ಸುಮ್ನೆ ತಗೊಂಡು ಹೋಗಿ. ಆದರೆ ದೇವಿಮನೆ ಘಟ್ಟ ಹತ್ತುವಾಗ ಪ್ಲಾಸ್ಟಿಕ್ ಸುತ್ತಿ, ಒದ್ದೆ ಮಾಡಬೇಡಿ.