52 ಪುಸ್ತಕ ಅಂದುಕೊಂಡೆ, 31ಕ್ಕೆ ನಿಂತೆ. ನಿಮ್ಮ ವರ್ಷದ ಲೆಕ್ಕ ಏನಾಯಿತು?

ಮಡಚಿದ ಪುಟ:

ವರ್ಷ ಮುಗಿಯುತ್ತಾ ಬಂತು, ಮರ್ಯಾದೆ ಬಿಟ್ಟು ಲೆಕ್ಕ ಒಪ್ಪಿಸುತ್ತಿದ್ದೇನೆ. ಜನವರಿಯಲ್ಲಿ ಎರಡು ಗುರಿ ಹಾಕಿಕೊಂಡಿದ್ದೆ. ವಾರಕ್ಕೊಂದರಂತೆ 52 ಪುಸ್ತಕ ಓದುವುದು, ದಿನಕ್ಕೆ 500 ಪದ ಬರೆಯುವುದು. ಓದಿದ್ದು 31. ಬರೆದದ್ದು 140 ದಿನ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಮೊದಲ ಮೂರು ತಿಂಗಳಲ್ಲೇ. ಆರಂಭಶೂರ ಅಂತ ಮನೆಯಲ್ಲಿ ಸುಮ್ನೆ ಕರೆಯುವುದಿಲ್ಲ.

ಸಂಖ್ಯೆ ಕಡಿಮೆಯಾಯಿತಲ್ಲ ಅಂತ ನನಗೆ ಅಷ್ಟು ಬೇಜಾರಿಲ್ಲ. 31 ಅಂದರೆ ನನ್ನ ಮಟ್ಟಿಗೆ ಕಮ್ಮಿ ಏನಲ್ಲ. ಆದರೆ ಮೊನ್ನೆ ಸ್ಪ್ರೆಡ್‌ಶೀಟ್ ತೆರೆದು ಮೇಲಿನಿಂದ ನೋಡುತ್ತಾ ಬಂದೆ. 17ನೇ ಸಾಲಿಗೆ ಬಂದು ತಡವರಿಸಿದೆ. ಪುಸ್ತಕದ ಹೆಸರಿದೆ, ಮುಗಿಸಿದ ತಾರೀಕಿದೆ, ನಾನೇ ಕೊಟ್ಟ ನಾಲ್ಕು ನಕ್ಷತ್ರ ಇವೆ. ಒಳಗೆ ಏನಿತ್ತು? ಒಬ್ಬಳು ಹೆಂಗಸು, ಒಂದು ಮನೆ ಮಾರಾಟ, ಅಷ್ಟೇ. ಅವಳ ಹೆಸರೂ ನೆನಪಿಲ್ಲ, ಮನೆ ಕೊನೆಗೆ ಮಾರಿದಳೋ ಇಲ್ಲವೋ ಅದೂ ನೆನಪಿಲ್ಲ.

ಆಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಆಗಸ್ಟ್‌ನಿಂದ ಈಚೆಗೆ ಓದಿದ್ದೆಲ್ಲ 150 ಪುಟದ ಒಳಗಿನವೇ. ಕಪಾಟಿನ ಮುಂದೆ ನಿಂತು ಬೆನ್ನಿನ ದಪ್ಪ ನೋಡಿ ಆರಿಸಿದ್ದೇನೆ! ಎಷ್ಟೋ ವರ್ಷದಿಂದ ಓದಬೇಕು ಅಂದುಕೊಂಡಿದ್ದ 700 ಪುಟದ ಕಾದಂಬರಿ 214ನೇ ಪುಟದಲ್ಲಿ ಹರಿದ ಲಕೋಟೆಯ ಚೂರು ಸಿಕ್ಕಿಸಿಕೊಂಡು ಹಾಗೇ ಕೂತಿದೆ. ಚೆನ್ನಾಗಿಯೇ ಇತ್ತು. ಅದನ್ನು ಹಿಡಿದು ಕೂತರೆ ಒಂದು ತಿಂಗಳು ಲೆಕ್ಕ ಮುಂದಕ್ಕೆ ಹೋಗುವುದಿಲ್ಲವಲ್ಲ ಅಂತ ಬಿಟ್ಟೆ.

ಬರವಣಿಗೆಯದು ಇನ್ನೂ ನಗೆಪಾಟಲು. ರಾತ್ರಿ ಹನ್ನೊಂದೂವರೆಗೆ ಕೂತು, "ಇವತ್ತು ಬರೆಯಲು ಏನೂ ಇಲ್ಲ, ಆದರೂ ಬರೆಯುತ್ತಿದ್ದೇನೆ, ಏನೂ ಇಲ್ಲ ಅನ್ನುವುದನ್ನೇ ಬರೆದರೆ ಎಷ್ಟು ಪದ ಆಗಬಹುದು" ಅಂತ ಕಾಟಾಚಾರಕ್ಕೆ ತುಂಬಿಸಿದ ಪುಟಗಳು ಕಮ್ಮಿ ಅಂದರೂ ಹತ್ತು ಇವೆ.

ಮುಂದಿನ ವರ್ಷಕ್ಕೆ ನೀವು ಏನನ್ನು ಅಳೆಯುತ್ತೀರಿ, ಹೇಗೆ ಅಳೆಯುತ್ತೀರಿ? "ಖುಷಿಗೆ ಓದಿ ಸಾರ್" ಅನ್ನುವ ಉತ್ತರ ದಯವಿಟ್ಟು ಬೇಡ. ಖುಷಿಗೆ ಓದುತ್ತೇನೆ ಅಂತ ಬಿಟ್ಟ ವರ್ಷ ನಾನು ಓದಿದ್ದು ಮೂರೇ ಮೂರು.

ನಿಧಾನಿ:

ಪುಸ್ತಕ ಎಣಿಸಿದ್ದೇ ಎಡವಟ್ಟಾಗಿದ್ದು. ಪುಸ್ತಕ ಅನ್ನುವುದು ಅಳತೆಗೆ ಬರುವ ವಸ್ತುವೇ ಅಲ್ಲ, 90 ಪುಟದ್ದೂ ಒಂದು, 900 ಪುಟದ್ದೂ ಒಂದು. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ ಒಂದು ಮಾತಿದೆ, ಆಮೇಲೆ ಜನ ಅದನ್ನು ಎಲ್ಲದಕ್ಕೂ ಎಳೆದರು. ಯಾವ ಅಂಕಿಯನ್ನು ಹಿಡಿದು ಹತೋಟಿಗೆ ತರಲು ಹೊರಡುತ್ತೀರೋ ಆ ಅಂಕಿಯನ್ನು ಆಮೇಲೆ ನಂಬುವ ಹಾಗಿಲ್ಲ ಅನ್ನುವ ಅರ್ಥದ್ದು. ನೀವು ತೆಳು ಪುಸ್ತಕ ಹುಡುಕಿದ್ದು ಅದೇ ಕಥೆ.

ನಾನು ಮೂರು ವರ್ಷದಿಂದ ಪುಟ ಎಣಿಸುತ್ತೇನೆ. ದಿನಕ್ಕೆ 15. ಜಾಸ್ತಿ ಓದಿದರೆ ಒಳ್ಳೆಯದು, ಆದರೆ ಅದನ್ನು ನಾಳೆಗೆ ಜಮಾ ಮಾಡಿಕೊಳ್ಳುವ ಹಾಗಿಲ್ಲ. ವರ್ಷಕ್ಕೆ 5,475 ಪುಟ ಆಗುತ್ತದೆ, 250 ಪುಟದ ಪುಸ್ತಕ ಅಂತ ಹಿಡಿದರೆ 22ರ ಹತ್ತಿರ. ನಿಮ್ಮ ಆ ಕಾದಂಬರಿಯಲ್ಲಿ ಉಳಿದಿರುವುದು 486 ಪುಟ ತಾನೇ? 33 ದಿನ. ಲಕೋಟೆ ಚೂರನ್ನು ಹಾಗೇ ಇಟ್ಟುಕೊಳ್ಳಿ, ಬೇಕಾಗುತ್ತದೆ.

ಕರಡು ಪ್ರತಿ:

ಓದಿನ ವಿಷಯದಲ್ಲಿ ನಿಧಾನಿಯವರ ಮಾತು ಒಪ್ಪುತ್ತೇನೆ. ಬರವಣಿಗೆಯ ವಿಷಯದಲ್ಲಿ ಮಾತ್ರ ನಾನು ಸಂಖ್ಯೆಯ ಪರ, ಬೈದುಕೊಳ್ಳಬೇಡಿ.

ಆಂಥೊನಿ ಟ್ರಾಲಪ್ ಅಂತ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ, ಅಂಚೆ ಇಲಾಖೆಯ ನೌಕರ. ಕೆಲಸಕ್ಕೆ ಹೋಗುವ ಮೊದಲು ಬೆಳಿಗ್ಗೆ ಐದೂವರೆಗೆ ಕೂತು, ಗಡಿಯಾರ ಮುಂದಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ಅದಕ್ಕೊಂದು ಡೈರಿ ಬೇರೆ, ದಿನಕ್ಕೆ ಎಷ್ಟು ಪುಟ ಆಯಿತು ಅಂತ ಬರೆದಿಡಲು, ಸೋಮಾರಿತನ ಮಾಡಿದರೆ ಖಾಲಿ ದಿನ ಕಣ್ಣಿಗೆ ಹೊಡೆಯಲಿ ಅಂತ. ಹೀಗೇ 47 ಕಾದಂಬರಿ ಬರೆದ. ಇದನ್ನೆಲ್ಲ ತನ್ನ ಆತ್ಮಕಥೆಯಲ್ಲಿ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ, ಅವನು ಸತ್ತ ಮೇಲೆ 1883ರಲ್ಲಿ ಅದು ಅಚ್ಚಾದಾಗ, ಇದೇನು ಬರವಣಿಗೆಯೋ ಕಾರ್ಖಾನೆಯೋ ಅಂತ ಮೂಗು ಮುರಿದವರೂ ಇದ್ದರು.

ಆದರೆ ಒಂದು ವ್ಯತ್ಯಾಸ ಇದೆ. ಅವನು ಕೂತಾಗ ಕೈಯಲ್ಲಿ ಒಂದು ಕಾದಂಬರಿ ಇರುತ್ತಿತ್ತು. ನಿಮ್ಮ 500 ಪದ ಯಾವುದರ 500 ಪದ? ಅದನ್ನು ನೀವು ಹೇಳಿಲ್ಲ, ಬಹುಶಃ ಜನವರಿಯಲ್ಲಿ ನಿಮಗೂ ಹೇಳಿಕೊಂಡಿಲ್ಲ.

ನನ್ನದೇ ಉದಾಹರಣೆ. 1999ರಲ್ಲಿ ಶುರುವಾದ ನ್ಯಾನೊರೈಮೊ ಗೊತ್ತಿರಬೇಕಲ್ವಾ, ನವೆಂಬರ್‌ನ 30 ದಿನದಲ್ಲಿ 50,000 ಪದ ಬರೆಯುವ ಪಂಥ. ಅದನ್ನು ನಡೆಸುತ್ತಿದ್ದ ಸಂಸ್ಥೆ ಮುಚ್ಚುತ್ತೇವೆ ಅಂತ 2025ರಲ್ಲಿ ಹೇಳಿತು. ದಿನಕ್ಕೆ 1,667 ಪದ ಬೀಳುತ್ತದೆ. ಮೊದಲ ಸಲ ಹಲ್ಲು ಕಚ್ಚಿ 50,000 ಮುಗಿಸಿದೆ. ಕೊನೆಯ ವಾರ ಪಾತ್ರಗಳೆಲ್ಲ ಒಬ್ಬರಿಗೊಬ್ಬರು ತಮ್ಮ ಕನಸು ಹೇಳಿಕೊಳ್ಳುತ್ತಾ ಕೂತಿದ್ದರು, ಯಾಕೆಂದರೆ ಕನಸಿಗೆ ತಲೆಬುಡ ಬೇಕಿಲ್ಲ, ಪದ ಸರಾಗ ಬರುತ್ತದೆ. ಆ ಫೈಲನ್ನು ಇವತ್ತಿಗೂ ತೆರೆದಿಲ್ಲ. ಇನ್ನೊಂದು ವರ್ಷ 19,000ಕ್ಕೆ ಕೈಬಿಟ್ಟೆ. ಅದರಲ್ಲಿ 12 ಪುಟದ ಒಂದು ಕಥೆ ಸಿಕ್ಕಿತು, ಆರು ಸಲ ತಿದ್ದಿದೆ, ನಾನು ಬರೆದದ್ದರಲ್ಲಿ ನಾಲ್ಕು ಜನರಿಗೆ ತೋರಿಸಿದ್ದು ಅದೊಂದೇ.

ಅಂದಹಾಗೆ "ಬರೆಯಲು ಏನೂ ಇಲ್ಲ" ಪುಟಗಳನ್ನು ಅಳಿಸಬೇಡಿ. ಅವುಗಳ ಮಧ್ಯೆ ಏನಾದರೂ ಸಿಕ್ಕಿಕೊಂಡಿರುತ್ತದೆ, ಒಮ್ಮೆ ಕೂತು ಓದಿ.

ಪೆನ್ಸಿಲ್ ಗೀಟು:

ಆಡಿಯೋಬುಕ್ ಲೆಕ್ಕಕ್ಕೆ ಬರುತ್ತಾ? ಮತ್ತೆ ಎರಡನೇ ಸಲ ಓದಿದ್ದು? ಇವೆರಡೂ ಬರುತ್ತೆ ಅಂದರೆ ನನ್ನದು 40, ಇಲ್ಲ ಅಂದರೆ 11. ಉತ್ತರ ನೋಡಿಕೊಂಡು ಖುಷಿಪಡುವುದೋ ಬೇಡವೋ ತೀರ್ಮಾನ ಮಾಡುತ್ತೇನೆ.

ಅರ್ಧಕ್ಕೆ ಬಿಟ್ಟವಳು:

ಪೆನ್ಸಿಲ್ ಅವರೇ, 40 ಅಂತಲೇ ಬರೆದುಕೊಳ್ಳಿ, ಯಾರು ಬಂದು ನೋಡುತ್ತಾರೆ.

ನನ್ನ ಗುರಿ 12 ಇತ್ತು. ಮುಗಿಸಿದ್ದು 9, ಅರ್ಧಕ್ಕೆ ಬಿಟ್ಟದ್ದು 14. ನಾನು ಬಿಟ್ಟದ್ದನ್ನೂ ಬರೆದಿಡುತ್ತೇನೆ. ಯಾವ ಪುಟದಲ್ಲಿ ಬಿಟ್ಟೆ, ಯಾಕೆ ಬಿಟ್ಟೆ, ಒಂದೇ ಸಾಲು. ಈ ವರ್ಷದ್ದು ಕೆಲವು ಇಲ್ಲಿವೆ:

"ಪುಟ 40. ಅಜ್ಜಿಯೂ ಮೊಮ್ಮಗನೂ ಒಂದೇ ಥರ ಮಾತಾಡುತ್ತಾರೆ."
"ಪುಟ 112. ನಾಯಿ ಸಾಯುತ್ತೆ ಅಂತ ಅನುಮಾನ ಬಂತು."
"ಪುಟ 63. ತುಂಬಾ ಚೆನ್ನಾಗಿದೆ. ಈಗ ನನ್ನಿಂದ ಆಗಲ್ಲ."

ಮೂರನೆಯದನ್ನು ಬರೆದದ್ದು ಏಪ್ರಿಲ್‌ನಲ್ಲಿ, ಅಮ್ಮ ಆಸ್ಪತ್ರೆಯಲ್ಲಿದ್ದಾಗ. ಆಗ ಒಂಬತ್ತು ದಿನ ಒಂದಕ್ಷರವೂ ಓದಿಲ್ಲ, ಬರೆದಿಲ್ಲ. ಮುಗಿಸಿದ ಒಂಬತ್ತು ಪುಸ್ತಕಕ್ಕಿಂತ ಈ ಪಟ್ಟಿಯಲ್ಲೇ ನನ್ನ ವರ್ಷ ಜಾಸ್ತಿ ಕಾಣಿಸುತ್ತದೆ. ಮೊದಲೆಲ್ಲ ಒಂದು ದಿನ ತಪ್ಪಿದರೆ ಮುಗಿಯಿತು, ಇನ್ನು ಮುಂದಿನ ಜನವರಿಗೇ ಅನ್ನುವ ಬುದ್ಧಿ ನನ್ನದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರ ಮೇಲೆ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ್ದರು. 21 ದಿನದಲ್ಲಿ ಅಭ್ಯಾಸ ಆಗುತ್ತೆ ಅಂತಾರಲ್ಲ, ಅಲ್ಲಿ ಸಿಕ್ಕಿದ ನಡುವಿನ ಅಂಕಿ 66 ದಿನ. ಒಬ್ಬೊಬ್ಬರಿಗೆ 18ರಿಂದ 254ರ ತನಕ! ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಅಂತಲೂ ಗೊತ್ತಾಯಿತು. ಒಂಬತ್ತು ದಿನದ ಬಗ್ಗೆ ಅದು ಏನೂ ಹೇಳುವುದಿಲ್ಲ ಬಿಡಿ, ಆದರೂ ಹತ್ತನೇ ದಿನ ನಾನು ಪುಸ್ತಕ ತೆಗೆದೆ.

ಮಡಚಿದ ಪುಟ:

ಎಲ್ಲರಿಗೂ ಥ್ಯಾಂಕ್ಸ್. ಬಿಟ್ಟ ಪುಸ್ತಕದ ಪಟ್ಟಿ ಕದಿಯುತ್ತಿದ್ದೇನೆ, ಹೇಳಿಯೇ ಕದಿಯುತ್ತಿದ್ದೇನೆ. ಅಮ್ಮ ಈಗ ಹುಷಾರಾಗಿದ್ದಾರೆ ಅಂದುಕೊಂಡಿದ್ದೇನೆ.

ಕರಡು ಅವರೇ, ನೀವು ಹೇಳಿದಿರಿ ಅಂತ ನಿನ್ನೆ ರಾತ್ರಿ 140 ದಿನದ್ದನ್ನೂ ಓದಿದೆ. ಹೆಚ್ಚಿನದು ಕಸ, ಅದರಲ್ಲಿ ಅನುಮಾನ ಇಲ್ಲ. ಜೂನ್‌ನಲ್ಲಿ ಒಂದು ಪುಟ ಸಿಕ್ಕಿತು. ಅಪ್ಪ ಪೇಪರ್ ಓದುವಾಗ ತುಟಿ ಅಲ್ಲಾಡಿಸುತ್ತಾರೆ, ದನಿ ಬರುವುದಿಲ್ಲ, ಕಷ್ಟದ ಪದ ಬಂದಾಗ ಮಾತ್ರ ತುಟಿ ನಿಂತು ಕನ್ನಡಕ ಮೇಲಕ್ಕೆ ಹೋಗುತ್ತದೆ, ಚಿಕ್ಕವನಿದ್ದಾಗ ನಾನು ಅವರ ತುಟಿ ನೋಡಿಯೇ ಸುದ್ದಿ ಊಹಿಸುತ್ತಿದ್ದೆ, ಅಂತೇನೋ ಬರೆದಿದ್ದೇನೆ. ಬರೆದದ್ದೇ ಮರೆತುಹೋಗಿತ್ತು. ಎರಡು ಸಲ ಓದಿದೆ. ಎಣಿಸಿದರೆ 340 ಪದ. ಸ್ಪ್ರೆಡ್‌ಶೀಟ್‌ನಲ್ಲಿ ಆ ದಿನಕ್ಕೆ ಕೆಂಪು ಬಣ್ಣ ಹಾಕಿದ್ದೇನೆ, 500 ಆಗಲಿಲ್ಲ ಅಂತ!

ಮುಂದಿನ ವರ್ಷಕ್ಕೆ ಅದನ್ನೇ ಮುಂದುವರಿಸುವುದು ಅಂತ ಇಟ್ಟುಕೊಂಡಿದ್ದೇನೆ, ಎಷ್ಟು ಪದ ಅಂತ ಇನ್ನೂ ಬರೆದುಕೊಂಡಿಲ್ಲ. ಓದಿಗೆ ದಿನಕ್ಕೆ 15 ಪುಟ. ಇವತ್ತೇ ಶುರು ಮಾಡಿದೆ, ಜನವರಿಗೆ ಕಾದರೆ ನನ್ನ ಹಣೆಬರಹ ಗೊತ್ತಲ್ಲ. 214ರಿಂದ ಹೊರಟರೆ ಆ ಭಾವ ಯಾರ ಕಡೆಯವನು ಅಂತಲೇ ಮರೆತಿತ್ತು, 180ಕ್ಕೆ ವಾಪಸ್ ಹೋಗಬೇಕಾಯಿತು. ಸದ್ಯಕ್ಕೆ 195ನೇ ಪುಟದಲ್ಲಿದ್ದೇನೆ. ಹೋದ ಸಲಕ್ಕಿಂತ 19 ಪುಟ ಹಿಂದೆ.